ಮಾವಿನ ವಾಸನೆ

ಸಾವ್ಕಾರ ಅಣ್ಣಾಸಾಹೇಬರು ತನ್ನ ಬೆರಳು ಮೂಸುವಾಗ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದು ಸಿದ್ರಾಯನಿಗೆ ಇನ್ನೂ ಬಗೆಹರಿದಿರಲಿಲ್ಲ. ಬಾಗಿದ ಅವರ ಬೋಳುತಲೆಯನ್ನು ನೋಡಿದರೆ ನಗು ಬಂದೀತೆಂಬ ಭಯ, ನೆಲ ನೋಡಿದರೆ ಕಳ್ಳನ ಹಾಗೆ ಕಂಡೇನೆಂಬ ಭಯ. ಎದುರಿಗೆ ಕೂತು ಬಾದಾಮಿ ಹೆಚ್ಚುವ ದುರ್ಗಪ್ಪನನ್ನಂತೂ ನೋಡುವ ಹಾಗೇ ಇರಲಿಲ್ಲ. ಸರಿಯಾಗಿ ಆ ಹೊತ್ತಿಗೆ ಅವನ ಚಾಕುವಿನ ಸದ್ದು ನಿಲ್ಲುತ್ತಿತ್ತು, ನಿಂತಾಗ ಅವನ ಮುಖ ಹೇಗಿರುತ್ತದೆ ಎಂಬುದು ನೋಡದೆಯೂ ತಿಳಿಯುತ್ತಿತ್ತು. ಕೊನೆಗೆ ಸಿದ್ರಾಯ ಒಲೆಯ ಮೇಲಿನ ಖಾಲಿ ಕಡಾಯಿಯನ್ನು ನೋಡುತ್ತ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದ. ಗೋಕಾಕದ ಈ ಓಣಿಯ ಕರದಂಟಿನ ಅಡಿಗೆಮನೆಯಲ್ಲಿ ಬೆಲ್ಲದ ಪಾಕ ಹಿಡಿಯುವವನು ಅವನೇ. ಅಂಟು ಹುರಿಯಲು, ಕೊಬ್ಬರಿ ತುರಿಯಲು, ಡಬ್ಬಿ ತುಂಬಲು ಬೇರೆ ಜನ ಇದ್ದರು, ಅವರು ಇಂದು ಬರುತ್ತಾರೆ ನಾಳೆ ಬಿಡುತ್ತಾರೆ. ಪಾಕದ ಮುಂದೆ ಮಾತ್ರ ಸಿದ್ರಾಯನೇ ನಿಲ್ಲಬೇಕು. ಬೆಲ್ಲ ಸೀಯುವುದಕ್ಕೆ ತುಸು ಮೊದಲು ಒಂದು ವಾಸನೆ ಬಿಡುತ್ತದೆ, ಬಣ್ಣ ತಿರುಗುವ ಮುಂಚೆ, ಹೊಗೆ ಕಾಣುವ ಮುಂಚೆ. ಅದು ಅವನ ಮೂಗಿಗೆ ಸಿಕ್ಕಷ್ಟು ಬೇಗ ಇನ್ನಾರ ಮೂಗಿಗೂ ಸಿಗುತ್ತಿರಲಿಲ್ಲ. ಕುರಿ ಕಾಯುವವರ ಮಗನಿಗೆ ಈ ಮೂಗು ಎಲ್ಲಿಂದ ಬಂತೋ ಎಂದು ಅಣ್ಣಾಸಾಹೇಬರೇ ಬಂದ ಗಿರಾಕಿಗಳೆದುರು ಹೇಳಿ ನಗುತ್ತಿದ್ದರು. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು, ಚುಚ್ಚೂ ಇತ್ತು. ಸಿದ್ರಾಯ ಹೆಮ್ಮೆಯನ್ನಷ್ಟೇ ಮನೆಗೆ ಒಯ್ಯುತ್ತಿದ್ದ.

ಮೂಡಲಗಿಯ ಒಂದು ಮದುವೆಮನೆಯಿಂದ ಡಬ್ಬಿಗಳು ಮರಳಿ ಬಂದದ್ದೇ ಈ ಮೂಸಾಟಕ್ಕೆಲ್ಲ ಮೂಲ. ಕರದಂಟು ಬಾಯಿಗಿಟ್ಟ ಬೀಗರು ಬೀಡಿಯ ವಾಸನೆ ಬರುತ್ತದೆ ಎಂದು ಮುಖ ಕಿವುಚಿದರಂತೆ. ಯಾರ ಬೀಡಿ ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅಣ್ಣಾಸಾಹೇಬರು ಬೈಯಲಿಲ್ಲ; ಬೈದಿದ್ದರೆ ಸಿದ್ರಾಯನಿಗೆ ಎಷ್ಟೋ ಹಗುರಾಗುತ್ತಿತ್ತು. ಮರುದಿನ ಮುಂಜಾನೆ ಬಾಗಿಲಲ್ಲೇ ನಿಂತು, ಸಿದ್ರಾಯಾ ಕೈ ತಾ ಅಂದರು, ಮಲ್ಲಿಗೆಯನ್ನು ಮೂಸುವಷ್ಟು ಹಗುರವಾಗಿ ಅವನ ಬೆರಳುಗಳನ್ನು ಮೂಗಿಗೆ ಹಿಡಿದರು, ತೊಳೆದು ಬಾ ಅಂದರು. ಇನ್ನೊಂದು ಸಲ ಹೀಗಾದರೆ ಪಾಕಕ್ಕೆ ದುರ್ಗಪ್ಪ ನಿಲ್ಲುತ್ತಾನೆ, ನೀನು ಡಬ್ಬಿ ತುಂಬು ಎಂಬುದನ್ನೂ ಅದೇ ದನಿಯಲ್ಲಿ ಹೇಳಿದರು. ಅಂದಿನಿಂದ ಅದು ದಿನದ ಶಾಸ್ತ್ರವಾಯಿತು. ಸಿದ್ರಾಯ ನಿಂಬೆಹಣ್ಣು ತಿಕ್ಕಿದ, ಬೂದಿ ತಿಕ್ಕಿದ, ಸೀಗೆಕಾಯಿ ತಿಕ್ಕಿದ. ಮೀಸೆ ಮೂಡುವ ಮೊದಲೇ ಹಿಡಿದ ಬೀಡಿ ಚರ್ಮದೊಳಗೇ ಮನೆ ಮಾಡಿಕೊಂಡಿತ್ತು. ಬಿಟ್ಟೇಬಿಡುತ್ತೇನೆಂದು ಹಟ ಹಿಡಿದ ದಿನಗಳೂ ಇದ್ದವು; ಮಧ್ಯಾಹ್ನದ ಹೊತ್ತಿಗೆ ಕೈ ನಡುಗಿ ಪಾಕದ ಸೌಟು ಕಡಾಯಿಯ ಅಂಚಿಗೆ ಬಡಿಯತೊಡಗಿ, ಆ ಸದ್ದನ್ನು ಎಲ್ಲರೂ ಕೇಳುತ್ತಿದ್ದಾರೆ ಎನ್ನಿಸಿ, ಹಿಂದಿನ ಕಟ್ಟಿಗೆಮನೆಗೆ ಹೋಗಿ ಒಂದನ್ನು ಹಚ್ಚಿಯೇಬಿಡುತ್ತಿದ್ದ.

ಇವತ್ತು ಅಣ್ಣಾಸಾಹೇಬರು ಒಮ್ಮೆ ಮೂಸಿ, ತಲೆಯೆತ್ತಿ, ಮತ್ತೊಮ್ಮೆ ಮೂಸಿದರು.

“ಏನಿದು? ಮಾವಿನಹಣ್ಣ ತಿಂದ ಬಂದೀಯೇನು?”

“ಇಲ್ರಿ ಸಾವ್ಕಾರ್ರ. ಕೂಸಿಗೆ ಬಾಟ್ಲಿ ರಸಾ ಕುಡಿಸಿ ಬಂದ್ನಿರಿ.”

ಸುಳ್ಳು ತಾನಾಗಿಯೇ ಬಂತು, ಒಂದಿಷ್ಟೂ ತಡವರಿಸಲಿಲ್ಲ. ಅಣ್ಣಾಸಾಹೇಬರು ಅವನ ಹೆಗಲು ತಟ್ಟಿದರು. ದುರ್ಗಪ್ಪನ ಚಾಕು ಮತ್ತೆ ಸದ್ದು ಮಾಡತೊಡಗಿತು, ಸ್ವಲ್ಪ ಜೋರಾಗಿಯೇ. ಸಿದ್ರಾಯ ಕಡಾಯಿಯ ಮುಂದೆ ಹೋಗಿ ನಿಂತ. ಖುಷಿ ಪಡಬೇಕಾದ ಹೊತ್ತು ಅದು, ಖುಷಿಯೂ ಆಯಿತು. ಆದರೆ ಆ ಖುಷಿಯ ಅಡಿಯಲ್ಲಿ ಏನೋ ಒಂದು ಬೇಡದ ಸಂಗತಿ ಕಾಲಿಗೆ ತೊಡರುತ್ತಿತ್ತು. ಹಾಳಾದ್ದು, ಸುಳ್ಳು ಹೇಳಲು ಕೂಸೇ ಬೇಕಾಗಿತ್ತೇ ಎಂದುಕೊಂಡ. ನಾಲ್ಕು ಹಲ್ಲು ಬಂದು ಐದನೆಯದಕ್ಕೆ ಹಗಲೂ ರಾತ್ರಿ ಜೊಲ್ಲು ಸುರಿಸುತ್ತಿದ್ದ ಪದ್ಮಶ್ರೀ ಅವನು ಹೊರಡುವಾಗ ಅಜ್ಜಿಯ ಪಕ್ಕ ಮಗ್ಗುಲಾಗಿ ಮಲಗಿದ್ದಳು. ತಡವಾಗಿ ಹುಟ್ಟಿದ ಮಗಳು. ಹೆಂಡತಿ ನಂದಾ ಇನ್ನು ಮಕ್ಕಳಾಗುವುದಿಲ್ಲ ಎಂದು ಅಳುವುದನ್ನೂ ಬಿಟ್ಟಮೇಲೆ ಹುಟ್ಟಿದವಳು.

ನಿನ್ನೆ ರಜೆ. ನಿಡಸೋಸಿಯ ಮಠಕ್ಕೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹುಕ್ಕೇರಿಗೆ ಹೋಗಿದ್ದ. ಬೀಡಿ ಬಿಡಲು ಹರಕೆ ಹೊತ್ತಿದ್ದೇನೆ ಎಂದು ನಂದಾಳಿಗೆ ಹೇಳಿದಾಗ ಅವಳು ಒಲೆಯ ಮುಂದಿನಿಂದ ಎದ್ದು ಬಂದು ಅವನ ಅಂಗಿಯ ಗುಂಡಿ ಹಾಕಿದ್ದಳು. ಬಸ್ಸಿನಲ್ಲಿ ಆ ಗುಂಡಿಯನ್ನು ಬಿಚ್ಚಬೇಕೆನ್ನಿಸಿ ಬಿಚ್ಚಲಾಗದೆ ಕೂತಿದ್ದ. ಹುಕ್ಕೇರಿಯ ಬಸ್‌ಸ್ಟ್ಯಾಂಡಿನ ಬಾಜೂ ವಿಶಾಲ ಎಂಬ ಹುಡುಗನ ಮೊಬೈಲ್ ಅಂಗಡಿ. ಬೀಡಿಯ ಬದಲು ಸೇದುವ ಬ್ಯಾಟರಿ ಸಿಗರೇಟು ಅಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಗೋಕಾಕದಲ್ಲೇ ಕೇಳಿದ್ದರೆ ಸಂಜೆಯೊಳಗೆ ಅಣ್ಣಾಸಾಹೇಬರ ಕಿವಿಗೆ ಬೀಳುತ್ತಿತ್ತು. ವಿಶಾಲ ಮೊದಲು ಏನೂ ಗೊತ್ತಿಲ್ಲದವನಂತೆ ಫೋನ್ ಒತ್ತುತ್ತ ಕೂತ, ಆಮೇಲೆ ಗಿರಾಕಿ ಹೋದ ಮೇಲೆ ಕವರುಗಳ ಪೆಟ್ಟಿಗೆಯ ತಳದಿಂದ ಎರಡನ್ನು ತೆಗೆದು ಗಾಜಿನ ಮೇಲಿಟ್ಟ. ಸರಕಾರ ಇದನ್ನು ಬಂದ್ ಮಾಡಿದೆ, ಹಾಗಾಗಿ ರಸೀದಿ ಇಲ್ಲ, ಹಾಳಾದರೆ ತನ್ನ ಕಡೆ ಬರಬಾರದು ಎಂದ. ಒಂದು ಪೂರ್ತಿ ಮುಚ್ಚಿದ್ದು, ತುಟಿಗೆ ಹಚ್ಚುವ ಬಣ್ಣದ ಕೊಳವೆಯಂಥದು. ಸೇದಬೇಕು, ಮುಗಿದರೆ ಒಗೆಯಬೇಕು. ಇನ್ನೊಂದಕ್ಕೆ ರಸವನ್ನು ನಾವೇ ತುಂಬಬೇಕು, ರಸದ ಬಾಟಲಿ ಬೇರೆ. ತಂಟೆ ಬೇಡ, ಮುಚ್ಚಿದ್ದನ್ನೇ ಒಯ್ಯಿರಿ ಎಂದು ಹುಡುಗ ಹೇಳಿದ.

ಸಿದ್ರಾಯ ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟುಕೊಂಡು ನಿಂತ. ವಾರದಿಂದ ಫೋನಿನಲ್ಲಿ ನೋಡಿದ್ದೆಲ್ಲ ತಲೆಯಲ್ಲಿ ಕಲಸಿಹೋಗಿತ್ತು. ಕೋಟು ಹಾಕಿದ ಒಬ್ಬ ಹಿಂದಿಯಲ್ಲಿ ಇದು ಬೀಡಿಗಿಂತ ಎಷ್ಟೋ ಪಾಲು ಒಳ್ಳೆಯದು ಎಂದಿದ್ದ; ಅದರ ಕೆಳಗೇ ಬಂದ ಇನ್ನೊಬ್ಬ ಕಪ್ಪಾದ ಪುಪ್ಪುಸವನ್ನು ತಟ್ಟೆಯಲ್ಲಿಟ್ಟು ತೋರಿಸಿದ್ದ. ತನ್ನೂರು ಮೇಲವಂಕಿಯ ಡಾಕ್ಟರರನ್ನು ಕೇಳೋಣವೆಂದರೆ ಅವರು ನಂದಾಳ ಎದುರಿಗೇ ಬೀಡಿಯ ಬಗ್ಗೆ ಛೀಮಾರಿ ಹಾಕಿದವರು. ಬಂದ್ ಮಾಡಿದ ಸಾಮಾನಿನ ಬಗ್ಗೆ ಕೇಳುವುದಾದರೂ ಯಾರನ್ನು? ಮಾರುವವನನ್ನೇ ಕೇಳಬೇಕು. ಇದರಿಂದ ಏನೂ ಆಗುವುದಿಲ್ಲವೇ ಎಂದು ಕೇಳಿದ. ಕೇಳುವಾಗ ತನ್ನ ದನಿ ಹುಡುಗನ ಮುಂದೆ ಅಂಗಲಾಚುವಂತಿದ್ದುದು ಅವನಿಗೇ ಕೇಳಿಸಿತು.

“ಹೊಗಿ ಅಲ್ರಿ ಕಾಕಾ, ಉಗಿ. ಏನೂ ಸುಡೂದಿಲ್ಲ ಅಂದಮ್ಯಾಲ ಆಗೂದೇನು?”

ಉಗಿ ಎಂದರೆ ಸಿದ್ರಾಯನಿಗೆ ಗೊತ್ತು. ಇಡೀ ಆಯುಷ್ಯ ಬೆಲ್ಲದ ಉಗಿಯಲ್ಲಿ ಮುಖ ಇಟ್ಟುಕೊಂಡು ನಿಂತವನು. ಮುಚ್ಚಿದ್ದನ್ನು ಕೆಳಗಿಟ್ಟ, ಒಳಗೆ ಏನಿದೆ ಎಂದು ಕಾಣದ್ದನ್ನು ಬಾಯಿಗಿಡುವುದು ಹೇಗೆ? ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಮಾವು. ಕಾಯಿಯದಲ್ಲ, ಹಣ್ಣಿನದೂ ಅಲ್ಲ, ಬಾಟಲಿಯ ಮೇಲೆ ಬರೆದ ಚಿತ್ರದ ಹಳದಿಗೆ ವಾಸನೆಯಿದ್ದರೆ ಹಾಗಿರುತ್ತಿತ್ತು. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಪಾಕ ನೋಡುವಂತೆ ಎಳೆ ನೋಡಿದ. ಕೈಗೆ ಹಚ್ಚಿಕೊಳ್ಳಬೇಡಿರಿ ಎಂದು ವಿಶಾಲ ತಲೆ ಎತ್ತದೆ ಅಂದ. ಯಾಕೆ ಎಂದು ಸಿದ್ರಾಯ ಕೇಳಲಿಲ್ಲ. ಮೊಬೈಲ್ ಮಾರುವವನಿಗೆ ಎಳೆಯ ಬಗ್ಗೆ ಏನು ಗೊತ್ತು ಎಂದು ಒಳಗೊಳಗೇ ನಕ್ಕು, ಕಾಣುವುದನ್ನೇ, ತುಂಬುವುದನ್ನೇ ತೆಗೆದುಕೊಂಡ. ಬಾಟಲಿಯ ಚೀಟಿಯ ಮೂಲೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳ ಮೇಲೆ ಇರುವಂಥ ಒಂದು ಸಣ್ಣ ತಲೆಬುರುಡೆ ಇತ್ತು. ಅದೆಲ್ಲ ಕಾನೂನಿಗೆ ಹಾಕಿರುತ್ತಾರೆ ಎಂದು ಹುಡುಗ ಹೇಳಿದ್ದು ಸರಿಯೆನ್ನಿಸಿತು. ಹೊರಗೆ ಬಂದಾಗ ನಿಡಸೋಸಿಯ ಬಸ್ಸು ಇನ್ನೂ ನಿಂತಿತ್ತು, ಕಂಡಕ್ಟರ ಕೂಗುತ್ತಿದ್ದ. ಈಗಲೂ ಹತ್ತಬಹುದಾಗಿತ್ತು. ಹೊಸ ಸಾಮಾನನ್ನು ಕಿಸೆಯಲ್ಲಿಟ್ಟುಕೊಂಡು ಮಠದ ಅಜ್ಜನವರ ಗದ್ದುಗೆಗೆ ಹೇಗೆ ಹಣೆ ಹಚ್ಚುವುದು ಎಂದು ಬಸ್ಸು ತಿರುಗಿ ಮರೆಯಾಗುವ ತನಕ ನಿಂತ. ಆಮೇಲೆ ಮಠದ ಪ್ರಸಾದವೆಂದು ಕೊಡಲು ಕಿರಾಣಿ ಅಂಗಡಿಯಲ್ಲಿ ಕಲ್ಲುಸಕ್ಕರೆ ಕಟ್ಟಿಸಿಕೊಂಡ.

ಆ ಕಲ್ಲುಸಕ್ಕರೆಯನ್ನು ಅವ್ವ ಎರಡೂ ಕಣ್ಣಿಗೆ ಒತ್ತಿಕೊಂಡಳು. ಭರಮವ್ವನದು ಈಗಲೂ ಐದಾರು ಕುರಿಗಳ ಸಂಸಾರ. ಅವು ಇಲ್ಲದೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ಮಳೆಗಾಲದಲ್ಲಿ ಹುಟ್ಟಿದ ಒಂದು ಮರಿ ಹೊಟ್ಟೆ ಕೆಟ್ಟು, ಬಾಲವೆಲ್ಲ ಹೊಲಸಾಗಿ, ಅವಳ ತೊಡೆಯ ಮೇಲೆ ಮುದುಡಿ ಮಲಗಿತ್ತು. ಒಂದು ಹರಳನ್ನು ಮೊಮ್ಮಗಳ ಬಾಯಿಗಿಟ್ಟಳು, ಒಂದನ್ನು ಮರಿಯ ಬಾಯಿಗೆ ಹಿಡಿದಳು. ಸಿದ್ರಾಯ ಒಳಗೆ ಬಚ್ಚಲಲ್ಲಿ ನಿಂತು, ಹತ್ತನೆಯ ಇಯತ್ತೆ ಓದಿದ ನಂದಾ ಓದಿಯಾಳೆಂದು ಬಾಟಲಿಯ ಚೀಟಿಯನ್ನು ಒದ್ದೆ ಮಾಡಿ ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಮಾವಿನ ಚಿತ್ರ ಹೋಯಿತು, ಬುರುಡೆಯೂ ಹೋಯಿತು. ಕೂಸಿಗೆ ಎಟುಕಬಾರದು ಎಂಬುದೊಂದೇ ಅವನ ಚಿಂತೆ. ಎದ್ದು ನಿಲ್ಲಲು ಕಲಿತಾಗಿನಿಂದ ಕೆಳಗಿನ ಹಲಗೆಯ ಮೇಲಿನ ಡಬ್ಬಿಗಳಿಗೂ ಅವಳು ಕೈ ಹಾಕುತ್ತಾಳೆ. ಮನೆಯಲ್ಲಿ ಅವಳ ಕೈಗೆ ಸಿಗದ ಜಾಗವೆಂದರೆ ಗೋಡೆಯಲ್ಲಿ ಎತ್ತರಕ್ಕಿದ್ದ ಮಾಡ ಒಂದೇ, ಅವ್ವ ಕುರಿಗಳ ಔಷಧ ಇಡುವ ಮಾಡ. ತುದಿಗಾಲ ಮೇಲೆ ನಿಂತು ಅವ್ವನ ಬಾಟಲಿಗಳ ಹಿಂದೆ ಇದನ್ನು ಸರಿಸುತ್ತಿದ್ದಾಗ ಹೊರಗಿನಿಂದ ಅವ್ವ, ಮಠದಲ್ಲಿ ಮರಿಗೆ ಏನಾದರೂ ಕೊಟ್ಟಿದ್ದಾರೇನೋ ಎಂದು ಕೇಳಿದಳು. ಹೂಂ ಎಂದ ಸಿದ್ರಾಯ. ಅವನ ಲಕ್ಷ್ಯವೆಲ್ಲ ಬೆರಳ ತುದಿಯಲ್ಲಿತ್ತು. ಕೆಳಗಿಳಿದಾಗ, ಎಲ್ಲವನ್ನೂ ನೋಡಿ ಮಾಡಿದ ಜವಾಬ್ದಾರಿಯ ತಂದೆ ತಾನು ಎಂಬ ಸಮಾಧಾನ ಕೂಡ ಅವನಿಗೆ ಆಗಿತ್ತು.

ಅಡಿಗೆಮನೆಯ ಕಡಾಯಿಯಲ್ಲಿ ಈಗ ಬೆಲ್ಲ ಕರಗತೊಡಗಿತ್ತು. ನಡುವೆ ಎರಡು ಸಲ ಕಟ್ಟಿಗೆಮನೆಗೆ ಹೋಗಿ ಬಂದಿದ್ದ. ಮೊದಲ ಸಲ ಕೆಮ್ಮು ಬಂತು. ಎರಡನೆಯ ಸಲ ಇಳಿಯಿತು, ಎದೆಯಲ್ಲಿ ಹಳೆಯ ಗೆಳೆಯ ಬಂದು ಕೂತಂತಾಯಿತು. ಕೈ ನಡುಕ ನಿಂತಿತು. ಬೂದಿ ಇಲ್ಲ, ಕಡ್ಡಿ ಇಲ್ಲ, ಹಳದಿ ಬೆರಳಿಲ್ಲ. ಇಷ್ಟು ಸಲೀಸಾದ ದಾರಿ ಇರುವಾಗ ತಾನು ಇಷ್ಟು ದಿನ ಬೂದಿ ತಿಕ್ಕುತ್ತ ಯಾಕೆ ಕೂತೆನೋ ಎನ್ನಿಸಿತು. ಆದರೆ ಹೊಟ್ಟೆಯಲ್ಲಿ ಮುಂಜಾನೆಯಿಂದ ಒಂದು ತೊಳಸು ಇತ್ತು. ನಸುಕಿನಲ್ಲಿ ದೀಪ ಹಚ್ಚದೆ ರಸ ತುಂಬುವಾಗ ಅಂಗೈ ಮೇಲೆ ಚೆಲ್ಲಿತ್ತು, ಪಂಚೆಗೆ ಒರೆಸಿಕೊಂಡು ಬಾಟಲಿಯನ್ನು ಗಡಿಬಿಡಿಯಲ್ಲಿ ಮಾಡಕ್ಕೆ ಇಟ್ಟು ಬಸ್ಸಿಗೆ ಓಡಿದ್ದ. ಬಸ್ಸಿನಲ್ಲಿ ಬೆವರು ಬಂತು, ಎದೆ ದಡದಡ ಹೊಡೆದುಕೊಂಡಿತು. ಮೊದಲ ದಿನದ ಅಂಜಿಕೆ ಎಂದುಕೊಂಡಿದ್ದ. ಈಗ ಸೌಟು ತಿರುಗಿಸುತ್ತ ನಿಂತಾಗ, ಬಾಟಲಿಯನ್ನು ಹಿಂದಕ್ಕೆ ಸರಿಸಿದೆನೋ ಇಲ್ಲವೋ ಎಂಬ ಪ್ರಶ್ನೆ ತಾನಾಗಿಯೇ ಬಂತು. ಬೆಲ್ಲ ಉಕ್ಕುತ್ತಿತ್ತು. ಅವನು ಮುಖ ಬಗ್ಗಿಸಿ ಉಗಿಯನ್ನು ಎಳೆದುಕೊಂಡ. ಮಾವು. ಇನ್ನಷ್ಟು ಬಗ್ಗಿದ. ಬೆಲ್ಲಕ್ಕೆ ಬೆಲ್ಲದ ವಾಸನೆ ಇರಲಿಲ್ಲ, ಕೊಬ್ಬರಿಗೆ ಕೊಬ್ಬರಿಯದಿರಲಿಲ್ಲ, ಮೂಗಿನ ತುಂಬ ಆ ಚಿತ್ರದ ಹಳದಿಯೇ ತುಂಬಿತ್ತು. ಕಾಯುತ್ತ ನಿಂತ, ಆ ಗುರುತಿನ ವಾಸನೆ ಬರಲಿ, ಬಂದೊಡನೆ ಇಳಿಸೋಣ ಎಂದು.

“ಸಿದ್ರಾಯಣ್ಣಾ, ಸೀಯಾಕತ್ತೈತಿ,” ಎಂದ ದುರ್ಗಪ್ಪ.

ಅಷ್ಟರಲ್ಲಿ ಬಣ್ಣ ತಿರುಗಿ, ಅಂಚಿನಲ್ಲಿ ಕಪ್ಪು ಹಿಡಿದು, ಎಲ್ಲರೂ ಮೂಗು ಮುಚ್ಚಿಕೊಂಡಾಗಿತ್ತು. ಡಬ್ಬಿ ತುಂಬುವ ಹೆಂಗಸರು ಕೂಡ ಬಂದು ನಿಂತರು. ಇಡೀ ಕಡಾಯಿ ಹಾಳು. ಸಿದ್ರಾಯ ಸೌಟು ಹಿಡಿದೇ ನಿಂತಿದ್ದ. ಸೀದ ವಾಸನೆ ಅವನಿಗೆ ಆಗಲೂ ಸರಿಯಾಗಿ ಸಿಗಲಿಲ್ಲ. ಅಣ್ಣಾಸಾಹೇಬರು ಬಂದು ಕಡಾಯಿಯನ್ನು ನೋಡಿದರು, ಅವನ ಮುಖವನ್ನು ನೋಡಿದರು. ಮೂಗಿಗೆ ಥಂಡಿ ಆಗಿರಬೇಕು, ಇವತ್ತು ಮನೆಗೆ ಹೋಗು ಎಂದರು. ನಾಳೆ ಬಾ ಎಂದು ಅನ್ನಲಿಲ್ಲ. ದುರ್ಗಪ್ಪ ಕೈ ತೊಳೆದುಕೊಂಡು ಬಂದು, ಕಡಾಯಿಯ ಒಂದು ಹಿಡಿಕೆಯನ್ನು ಹಿಡಿದು, ಇನ್ನೊಂದನ್ನು ಹಿಡಿಯಲು ಬೇರೊಬ್ಬನನ್ನು ಕರೆದ.

ಬಸ್ಸು ಖಾಲಿ ಇತ್ತು. ಕಿಟಕಿಯ ಪಕ್ಕ ಕೂತು ಕಿಸೆಯಿಂದ ಆ ಸಾಮಾನನ್ನು ತೆಗೆದು ನೋಡಿದ. ಒಗೆದುಬಿಡಬೇಕು ಎನ್ನಿಸಿತು, ಒಗೆಯುವ ಮೊದಲು ಕೊನೆಯದಾಗಿ ಒಂದು ಎಳೆಯೋಣ ಎಂದು ತುಟಿಗಿಟ್ಟ, ಎಳೆದ, ಮತ್ತೆ ಕಿಸೆಗೆ ಹಾಕಿಕೊಂಡ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಹೊಲದಲ್ಲಿ ಕುರಿಗಳ ಹಿಂಡೊಂದು ಕೂತಿತ್ತು, ತೊಳೆದ ಉಣ್ಣೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು, ನೋಡುತ್ತಿದ್ದಂತೆ ಅವನು ಸಣ್ಣ ಹುಡುಗನಾಗಿ ಹಳೆಯ ಮನೆಯ ಅಂಗಳದಲ್ಲಿದ್ದ. ಅವ್ವ ದೊಡ್ಡ ಹಂಡೆಯಲ್ಲಿ ತಂಬಾಕಿನ ದಂಟು ಕುದಿಸುತ್ತಿದ್ದಾಳೆ. ನಿಪ್ಪಾಣಿ ಕಡೆಯಿಂದ ಹೊರೆ ಕಟ್ಟಿಸಿ ತಂದದ್ದು. ಕುರಿಗಳ ಮೈಗೆ ಹತ್ತಿದ ಹೇನು ಉಣ್ಣಿ ಸಾಯಲು ಆ ನೀರು ಬೇಕು. ಅಂಗಳವೆಲ್ಲ ಕಣ್ಣು ಉರಿಯುವಷ್ಟು ನಾತ. ಸಿದ್ರಾಯ ಮೂಗು ಹಿಡಿದುಕೊಂಡು ಕಟ್ಟೆಯ ಮೇಲೆ ನಿಂತಿದ್ದಾನೆ. ತೊಳೆದ ಕುರಿ ಒಣಗುವ ತನಕ ಅವ್ವ ಮರಿಗಳನ್ನು ಬುಟ್ಟಿಯಡಿ ಮುಚ್ಚುತ್ತಿದ್ದಳು, ತಾಯ ಮೊಲೆಯನ್ನು ಬೇರೆ ನೀರಿನಿಂದ ತೊಳೆಯದೆ ಬಿಡುತ್ತಿರಲಿಲ್ಲ. ಒಂದು ಗುಟುಕು ಹೊಟ್ಟೆಗೆ ಹೋದರೆ ಮರಿ ನಿಂತಲ್ಲೇ ಕಾಲು ಚಾಚುತ್ತದೆ ಎಂದು ಹೇಳುತ್ತಿದ್ದಳು. ಹಾಗಾದರೆ ಇಷ್ಟು ಕೆಟ್ಟದ್ದನ್ನು ಮನೆಯಲ್ಲಿ ಯಾಕೆ ಇಡುತ್ತಿ ಎಂದು ಅವನು ಕೇಳಿದ್ದ. ಅವ್ವ ನಕ್ಕಿದ್ದಳು.

“ನಾರತೈತಲ್ಲೋ. ಅದಕ್ಕ ಯಾರೂ ಬಾಯಿ ಹಚ್ಚೂದಿಲ್ಲ.”

ಕಿಸೆಯಲ್ಲಿದ್ದದ್ದು ಅದೇ. ಬೀಡಿಯ ಕಸು ಬೇಕೆಂದು ಬಂದವನಿಗೆ ಹುಡುಗ ಬೇರೇನು ಕೊಟ್ಟಾನು, ತಂಬಾಕಿನದೇ ರಸ, ಹಂಡೆಯ ನೀರಿಗಿಂತ ಎಷ್ಟು ಪಟ್ಟು ಗಟ್ಟಿಯೋ ಬಲ್ಲವರಾರು. ನಾತವೊಂದನ್ನು ತೆಗೆದು ಅದರ ಜಾಗಕ್ಕೆ ಮಾವು ಇಟ್ಟಿದ್ದಾರೆ. ಅದು ಅಂಗೈ ಮೇಲೆ ಚೆಲ್ಲಿದ್ದಕ್ಕೇ ನನಗೆ ಬೆವರು ಬಂತು ಎಂದುಕೊಂಡ. ಹಾಗೆಯೇ, ಯಾವ ಸಂಬಂಧವೂ ಇಲ್ಲದೆ, ಅವ್ವ ಔಷಧ ಹಾಕುವ ರೀತಿ ಕಣ್ಣ ಮುಂದೆ ಬಂತು. ಡಾಕ್ಟರು ಕೊಟ್ಟದ್ದಿರಲಿ ಗುಡ್ಡದ ಬೇರಿರಲಿ, ಮೊದಲು ಒಂದು ಹನಿ ತನ್ನ ನಾಲಿಗೆಗೆ ಹಚ್ಚಿಕೊಳ್ಳುವಳು, ಕಣ್ಣು ಮುಚ್ಚಿ ಕಾಯುವಳು, ಆಮೇಲೆ ಮರಿಯ ಬಾಯಿ ತೆರೆಯುವಳು. ತನ್ನ ನಾಲಿಗೆ ತಡೆಯದ್ದನ್ನು ಮೂಕ ಜೀವಕ್ಕೆ ಹಾಕಬಾರದು ಎಂಬುದು ಅವರ ಮನೆತನದ ಹೆಂಗಸರ ನೇಮ. ಬಸ್ಸು ಹಳ್ಳಿಯೊಂದರ ಮುಂದೆ ನಿಂತಿತು, ಸಾಲಿ ಹುಡುಗಿಯರು ನಗುತ್ತ ಹತ್ತತೊಡಗಿದರು. ಆಗ ನಿನ್ನೆಯ ಆ ಹೂಂ ಅವನಿಗೆ ನೆನಪಾಯಿತು. ಅವ್ವ ಏನು ಕೇಳಿದ್ದಳು ಎಂಬುದು ಪೂರ್ತಿಯಾಗಿ, ಒಂದು ಅಕ್ಷರವೂ ಬಿಡದೆ ನೆನಪಾಯಿತು. ಜಲ್ದಿ ಬಿಡಿರಿ ಎಂದು ಕಂಡಕ್ಟರನಿಗೆ ಹೇಳಬೇಕೆಂದು ಎದ್ದ. ಹುಡುಗಿಯರು ಅವನನ್ನು ನೋಡಿ ಜಾಗ ಕೊಡುತ್ತಿದ್ದಾನೆಂದು ತಿಳಿದು ಕೂತುಬಿಟ್ಟರು. ಮೇಲವಂಕಿ ಬರುವತನಕ ಕಂಬಿ ಹಿಡಿದು ನಿಂತೇ ಇದ್ದ, ಮನಸ್ಸಿನಲ್ಲಿ ಅಜ್ಜನವರನ್ನು ನೆನೆಯಲು ಹೋಗಿ, ಯಾವ ಬಾಯಿಂದ ನೆನೆಯಲಿ ಎಂದು ಬಿಟ್ಟ.

ಅಂಗಳದಲ್ಲಿ ಮರಿ ಅಡ್ಡ ಬಿದ್ದಿತ್ತು. ಬಾಯಲ್ಲಿ ನೊರೆ, ಕಾಲು ಸೆಟೆದಿದ್ದವು. ಮುಟ್ಟಿದರೆ ಮೈ ಇನ್ನೂ ಬೆಚ್ಚಗಿತ್ತು. ಹೊಸ್ತಿಲ ಒಳಗೆ ಗೋಡೆಗೆ ಒರಗಿ ಅವ್ವ ಕೂತಿದ್ದಳು. ಸೆರಗೆಲ್ಲ ವಾಂತಿಯಾಗಿತ್ತು, ಹಣೆಯ ಬೆವರು ಕುಂಕುಮವನ್ನು ಕೆಳಗೆ ಇಳಿಸಿತ್ತು, ತೊಡೆಯ ಮೇಲಿಟ್ಟ ಕೈ ತಾನಾಗಿಯೇ ಕುಣಿಯುತ್ತಿತ್ತು. ಪಕ್ಕದಲ್ಲಿ ಮಾಡಕ್ಕೆ ಹತ್ತುವ ಮಣೆ, ಮಣೆಯ ಮೇಲೆ ಬಾಟಲಿ, ಮುಚ್ಚಳ ತೆರೆದಿತ್ತು. ಪದ್ಮಶ್ರೀ ತೊಟ್ಟಿಲಲ್ಲಿ ಮಲಗಿದ್ದಳು. ಅದು ಅವಳು ದಿನಾ ಮಲಗುವ ಹೊತ್ತೇ. ಬಾಯಿಂದ ಜೊಲ್ಲು ಇಳಿದು ಕುಂಚಿಗೆ ಒದ್ದೆಯಾಗಿತ್ತು. ದಿನಾ ಹಾಗೇ ಆಗುತ್ತಿತ್ತು.

“ಸಿದ್ಯಾ, ಮರಿ ಹೋತಲ್ಲೋ,” ಎಂದಳು ಭರಮವ್ವ. ನಾಲಿಗೆ ತೊದಲುತ್ತಿತ್ತು. “ಮಠದ್ದು ಅಂತ ಹಾಕಿದೆ. ಮುಂಚೆ ನಾ ನಾಲಿಗಿಗೆ ಹಚ್ಚಿ ನೋಡೇನಿ. ಸೀ ಇತ್ತು.”

ಸಿದ್ರಾಯ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂಸಿಗೆ ಹಾಕಿದೆಯೇನು ಎಂದು ಕೇಳಿದ. ಅವಳು ತೊಟ್ಟಿಲ ಕಡೆ ಕಣ್ಣು ಹೊರಳಿಸಿದಳು.

“ತೀರ್ಥ ಇದ್ದಂಗ ಐತಿ, ಕೂಸಿಗೂ ಒಂದ್ ಹನಿ ಇರಲಿ ಅಂತ ಅಂಗೈಯಾಗ ಹಾಕ್ಕೊಂಡಿದ್ದೆ. ಅಷ್ಟ್ರಾಗ ಮರಿ ಒದರಿತು. ಆಮ್ಯಾಲ ಎದ್ನೋ, ಕೊಟ್ನೋ, ಇಲ್ಲೋ... ತಲಿ ತಿರಗಾಕತ್ತಿತು. ನೆನಪ ಆಗವಲ್ದೋ.”

ಅವಳ ಅಂಗೈ ಬಿಡಿಸಿ ನೋಡಿದ. ಒಣಗಿತ್ತು, ತುಸು ಜಿಗುಟಾಗಿತ್ತು. ಅಲ್ಲಿಂದ ಚರ್ಮದೊಳಕ್ಕೆ ಹೋಯಿತೋ, ಸೆರಗಿಗೆ ಹೋಯಿತೋ, ತೊಟ್ಟಿಲಿಗೆ ಹೋಯಿತೋ. ಅಷ್ಟರಲ್ಲಿ ಹೊಲದ ಕೂಲಿಯಿಂದ ನಂದಾ ಬಂದಳು. ಅಂಗಳದ ಮರಿಯನ್ನು ನೋಡಿ, ಕುಡಗೋಲನ್ನು ಕೈಯಲ್ಲೇ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಳು. ಅವಳಿಗೆ ಏನು ಹೇಳಬಹುದು ಎಂದು ಸಿದ್ರಾಯನ ಮನಸ್ಸು ಆಗಲೂ ಹುಡುಕಿತು. ಕುರಿಯ ಔಷಧ ಅದಲುಬದಲಾಯಿತು ಎನ್ನಬಹುದಿತ್ತು, ಅವ್ವನೇ ಒಪ್ಪಿಕೊಳ್ಳುತ್ತಿದ್ದಳು, ಆಗಲೇ ಒಪ್ಪಿಕೊಂಡಾಗಿತ್ತು. ಒಂದು ಉಸಿರಿನಷ್ಟು ಹೊತ್ತು ಆ ದಾರಿ ಅವನಿಗೆ ತೆರೆದೇ ಕಂಡಿತು. ಆಮೇಲೆ ತೊಟ್ಟಿಲಿನಿಂದ ಮಗಳನ್ನು ಎತ್ತಿದ. ಅವಳು ಕಣ್ಣು ತೆರೆಯದೆ ಸಣ್ಣಗೆ ನರಳಿ ಅವನ ಹೆಗಲಿಗೆ ಬಿದ್ದಳು.

“ಅದು ಮಠದ್ದಲ್ಲ ಯವ್ವಾ. ನಾ ಮಠಕ್ಕ ಹೋಗೇ ಇಲ್ಲ. ಅದು ನಂದು. ಸೇದಾಕ ತಂದಿದ್ದು, ತಂಬಾಕಿನ ರಸಾ.”

ಭರಮವ್ವ ತಲೆಯಾಡಿಸಿದಳು. ತಪ್ಪು ಲೆಕ್ಕ ಹೇಳಿದ ಮಗನನ್ನು ತಿದ್ದುವಂತೆ, ಸಮಾಧಾನವಾಗಿ ಹೇಳಿದಳು:

“ಇಲ್ಲೋ. ತಂಬಾಕ ಆಗಿದ್ರ ನಾರತಿತ್ತು.”

ಉದ್ದಪ್ಪನ ಟಂಟಂ ರಿಕ್ಷಾ ಪಕ್ಕದ ಮನೆಯ ಮುಂದೆಯೇ ನಿಂತಿರುತ್ತದೆ. ಕೂಗಿದ ಕೂಡಲೇ ಅವನು ಉಣ್ಣುವ ಗಂಗಾಳ ಬಿಟ್ಟು ಬಂದ. ಅವ್ವನನ್ನು ಇಬ್ಬರೂ ಎತ್ತಿ ಮಲಗಿಸಿದರು, ಅವಳ ತಲೆ ಸಿದ್ರಾಯನ ತೊಡೆಯ ಮೇಲೆ. ಕೂಸನ್ನು ನಂದಾ ಆಗಲೇ ಅವನ ಹೆಗಲಿನಿಂದ ಕಿತ್ತುಕೊಂಡಂತೆ ತೆಗೆದುಕೊಂಡಿದ್ದಳು. ಚೀಟಿಯಿಲ್ಲದ ಬಾಟಲಿಯನ್ನು ಸಿದ್ರಾಯ ಮುಷ್ಟಿಯಲ್ಲಿ ಹಿಡಿದಿದ್ದ, ಡಾಕ್ಟರರಿಗೆ ತೋರಿಸಬೇಕಲ್ಲ. ಏನೆಂದು ತೋರಿಸುವುದು? ಎಷ್ಟು ಗಟ್ಟಿಯದು, ಯಾವುದು ಎಂದು ಅವರು ಕೇಳಿದರೆ ಹೇಳಬೇಕಾದದ್ದೆಲ್ಲ ನಿನ್ನೆ ಉಗುರಿನ ಸಂದಿಯಲ್ಲಿ ಬಚ್ಚಲಿಗೆ ಹೋಗಿತ್ತು. ಗೋಕಾಕಕ್ಕೋ ಮೂಡಲಗಿಗೋ ಎಂದು ಉದ್ದಪ್ಪ ಕೇಳಿದ. ಎಲ್ಲಿ ಜಲ್ದಿ ಆಗುತ್ತದೋ ಅಲ್ಲಿ ಎಂದ ಸಿದ್ರಾಯ.

ದಾರಿಯಲ್ಲಿ ನಂದಾ ಕೂಸಿನ ಕೆನ್ನೆ ತಟ್ಟುತ್ತಿದ್ದಳು. ಅದು ಕಣ್ಣು ಅರೆ ತೆರೆದು ಮತ್ತೆ ಮುಚ್ಚುತ್ತಿತ್ತು, ನಿದ್ದೆಗಣ್ಣಿನ ಕೂಸು ಮಾಡುವಂತೆಯೇ. ಟಂಟಂ ಸದ್ದಿನಲ್ಲಿ ಅವಳು ಅವನ ಕಡೆ ಬಾಗಿ, ಮುಖ ನೋಡದೆ ಹೇಳಿದಳು:

“ನಿಮ್ಮ ಮೂಗು ಭಾಳ ಶಾಣ್ಯಾ ಅಂತಾರಲ್ರಿ ಎಲ್ಲಾರೂ. ಅಕಿ ಬಾಯಿ ಮೂಸಿ ನೋಡ್ರಿ. ಹೊಟ್ಟಿಗೆ ಹೋಗೇತೋ ಇಲ್ಲೋ, ಖರೆ ಹೇಳ್ರಿ.”

ಸಿದ್ರಾಯ ಬಾಗಿದ. ಮೊದಲು ಆ ಪುಟ್ಟ ಬೆರಳುಗಳನ್ನು ಮೂಗಿಗೆ ಹಿಡಿದ, ಅಣ್ಣಾಸಾಹೇಬರು ಹಿಡಿಯುವ ಹಾಗೆಯೇ, ಹಗುರವಾಗಿ. ಮಾವು. ತುಟಿಯ ಹತ್ತಿರ ಮೂಗು ತಂದ. ಮಾವು. ಆಮೇಲೆ ತನ್ನದೇ ಬೆರಳನ್ನು ಮೂಸಿದ, ಅದೂ ಮಾವು. ಅಂಗಿಯ ತೋಳು, ಅದೂ. ಕೈಯನ್ನು ಟಂಟಂನ ತಗಡಿಗೆ ಉಜ್ಜಿದ. ತಲೆಯನ್ನು ಹೊರಗೆ ಹಾಕಿ, ಬೆಳಗಿನಿಂದ ಒಳಗೆ ಎಳೆದುಕೊಂಡದ್ದನ್ನೆಲ್ಲ ಹೊರಹಾಕುವಂತೆ, ಎದೆ ನೋಯುವ ತನಕ ಉಸಿರು ಬಿಟ್ಟ. ಗಾಳಿಯಲ್ಲಿ ಕಬ್ಬಿನ ಹೊಲ, ಹಸಿ ಮಣ್ಣು, ಸಗಣಿ ಎಲ್ಲ ಇದ್ದಿರಬೇಕು. ಅವನಿಗೆ ಒಂದೂ ಸಿಗಲಿಲ್ಲ. ಮತ್ತೆ ಬಾಗಿದ, ಮಗಳ ಬಾಯಿಗೆ ಮೂಗು ತಾಗಿಸಿ ಕಣ್ಣು ಮುಚ್ಚಿ ಎಳೆದುಕೊಂಡ. ಇದ್ದದ್ದು ಒಂದೇ ವಾಸನೆ. ಅದು ಅವಳ ಬಾಯಿಂದ ಬರುತ್ತಿತ್ತೋ, ತನ್ನ ಬಾಯಿಂದ ಹೋಗಿ ಅವಳ ಮುಖಕ್ಕೆ ತಾಗಿ ತಿರುಗಿ ಬರುತ್ತಿತ್ತೋ. ನಂದಾ ಕಾಯುತ್ತಿದ್ದಳು.

“ಗೊತ್ತಾಗವಲ್ದು,” ಎಂದ ಸಿದ್ರಾಯ.

ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಏನು ಎನ್ನುವಂತೆ ಮುಖ ಎತ್ತಿದಳು. ಅವನು ಅದನ್ನೇ ಇನ್ನೊಮ್ಮೆ, ಜೋರಾಗಿ ಹೇಳಬೇಕಾಯಿತು.